ಕಟ್ಟೆ-ತೂಬುಗಳ ಸಾಮಗ್ರಿಗಳ ಬಲಪರೀಕ್ಷೆ

ಅಂಕೋಲಾ ಪಟ್ಟಣದ ಸಮೀಪದಲ್ಲಿ ಸಮುದ್ರತೀರದ ಮೇಲಿರುವ ಕೇಣಿಯಂಥ ಗ್ರಾಮಗಳಲ್ಲಿ ಕಲ್ಲು, ಮರ, ಕಬ್ಬಿಣಗಳು ಬಯಲುಸೀಮೆಯಲ್ಲಿ ಬಾಳುವಷ್ಟು ಕಾಲ ಬಾಳುವುದಿಲ್ಲ. ಮನೆಯ ಗೋಡೆ ಬಿರಿದರೆ ಆ ಮನೆಯೊಡೆಯನಿಗೆ ಮಾತ್ರ ನಷ್ಟ. ಗಜನಿ ಗದ್ದೆಗಳನ್ನು ಕಾಯುವ ಕಟ್ಟೆಯ ತೂಬು ಒಡೆದರೆ ಭರತದ ಉಪ್ಪುನೀರು ಒಳನುಗ್ಗಿ ಅನೇಕ ಕುಟುಂಬಗಳ ಬೆಳೆ ಒಮ್ಮೆಲೇ ಕೆಡುವುದು. ಆದುದರಿಂದ ಸಾಮಗ್ರಿಗಳನ್ನು ಕೊಳ್ಳುವ ಮೊದಲೇ ಅವುಗಳ ಬಲವನ್ನು ಪರೀಕ್ಷಿಸುವ ಕ್ರಮವನ್ನು ಊರ ಗೌಡರೂ ಜಮೀನುದಾರರೂ ತಿಳಿದಿರುವುದು ಅವಶ್ಯ.

ಬಲವೆಂಬುದು ಒಂದೇ ವಿಧದ್ದಲ್ಲ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುವುದು, ಎಳೆತವನ್ನು ತಾಳದು. ಕಬ್ಬಿಣದ ಸಲಾಕೆ ಎಳೆತಕ್ಕೆ ಗಟ್ಟಿ. ತೂಬಿನ ಬಾಗಿಲಿನ ಹಲಗೆಯು ಬಾಗನ್ನು ತಡೆಯಬೇಕು. ಯಾವ ವಸ್ತು ಯಾವ ಕೆಲಸಕ್ಕೆ, ಯಾವ ಸ್ಥಿತಿಯಲ್ಲಿ ಉಪಯೋಗವಾಗುವುದೋ ಅದೇ ಕೆಲಸಕ್ಕೆ, ಅದೇ ಸ್ಥಿತಿಯಲ್ಲಿ ಅದನ್ನು ಪರೀಕ್ಷಿಸತಕ್ಕದ್ದು. ನೀರಿನಲ್ಲಿ ನಿಲ್ಲತಕ್ಕ ಕಲ್ಲನ್ನು ಒಣಗಿದಾಗ ಮಾತ್ರ ಪರೀಕ್ಷಿಸಿದರೆ ಪ್ರಯೋಜನವಿಲ್ಲ.

1. ಚಿರೆಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬಾತನು 1800-01ರಲ್ಲಿ ಮೈಸೂರು, ಮಲಬಾರ, ಕೆನರಾ ಪ್ರಾಂತಗಳಲ್ಲಿ ಸಂಚರಿಸಿ, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಗಣಿಯಲ್ಲಿ ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು ಇದರ ಗುಣ. ಆದಕಾರಣ ಹೊಸದಾಗಿ ಕಡಿದ ಕಲ್ಲನ್ನು ಕೂಡಲೇ ಕಟ್ಟದೆ, ಗಾಳಿಗೆ ಹದವಾದ ಮೇಲೆಯೇ ಪರೀಕ್ಷಿಸಬೇಕು.

ಊರಲ್ಲಿಯೇ ಮಾಡಬಹುದಾದ ಪರೀಕ್ಷೆ ಹೀಗಿದೆ: ಚೆನ್ನಾಗಿ ಒಣಗಿದ ಕಲ್ಲನ್ನು ತೂಗಿ, 24 ಗಂಟೆ ಸಿಹಿನೀರಿನಲ್ಲಿ ಮುಳುಗಿಸಿ, ಮೈ ಒರಸಿ ಪುನಃ ತೂಗಬೇಕು. ಭಾರತೀಯ ಮಾನಕದ ಪ್ರಕಾರ ಹೀರಿದ ನೀರು ಒಣತೂಕದ ಶೇಕಡಾ 12ಕ್ಕೆ ಮೀರಕೂಡದು. 30 ಕಿಲೋ ತೂಕದ ಕಲ್ಲು ನೆನೆದ ಬಳಿಕ 33 ಕಿಲೋ ಆದರೆ ಶೇಕಡಾ 10 ಆಯಿತು, ತಕ್ಕದ್ದು. 34 ಕಿಲೋ ಆದರೆ ಶೇಕಡಾ 13 ದಾಟಿತು, ತೂಬಿಗೆ ಸಲ್ಲದು.

ಒತ್ತಡದ ಪರೀಕ್ಷೆಗೆ ಯಂತ್ರ ಬೇಕು. ಎರಡು ಉಕ್ಕಿನ ಫಲಕಗಳ ನಡುವೆ ಕಲ್ಲಿನ ತುಂಡನ್ನಿಟ್ಟು, ಅದು ಒಡೆಯುವವರೆಗೆ ಭಾರವನ್ನು ಮೆಲ್ಲಗೆ ಹೆಚ್ಚಿಸುವರು. ಒಡೆದಾಗಿನ ಭಾರವನ್ನು ಭಾರ ಬಿದ್ದ ಮೈಯ ವಿಸ್ತೀರ್ಣದಿಂದ ಭಾಗಿಸಿದರೆ ಬಲವು ದೊರೆಯುವುದು. ಚಿರೆಕಲ್ಲಿಗೆ ಇದು ಚದರ ಸೆಂಟಿಮೀಟರಿಗೆ 35 ಕಿಲೋಗಿಂತ ಕಡಿಮೆ ಇರಬಾರದು. 10 ಸೆಂಟಿಮೀಟರ್ ಘನದ ತುಂಡು ಒಣಗಿದಾಗ 4000 ಕಿಲೋ ತಾಳಿ, ನೆನೆದಾಗ 2500 ಕಿಲೋಗೇ ಒಡೆದರೆ, ತೂಬಿನ ಅಡಿಪಾಯಕ್ಕೆ ನೆನೆದ ಲೆಕ್ಕವನ್ನೇ ಹಿಡಿಯತಕ್ಕದ್ದು.

2. ಮರ. ಒಂದು ಮೀಟರ್ ಅಗಲದ ಬಾಗಿಲಿಗೆ ಒಂದು ಮೀಟರ್ ಎತ್ತರದ ನೀರು ನಿಂತರೆ ಅದರ ಮೇಲೆ ಸುಮಾರು 500 ಕಿಲೋ ಒತ್ತಡ ಬೀಳುವುದು. ತಳದ ಹಲಗೆಗೆ ಬೀಳುವ ಪಾಲೇ ಹೆಚ್ಚು. ಹಲಗೆಯ ದಪ್ಪವನ್ನು ಇಮ್ಮಡಿಸಿದರೆ ಬಾಗನ್ನು ತಾಳುವ ಬಲವು ನಾಲ್ಮಡಿಯಾಗುವುದು. ಅಗಲವನ್ನು ಇಮ್ಮಡಿಸಿದರೆ ಇಮ್ಮಡಿ ಮಾತ್ರ. ಎರಡು ಜಾತಿಯ ಮರಗಳನ್ನು ಹೋಲಿಸಬೇಕಾದರೆ ಒಂದೇ ಅಳತೆಯ ಪಟ್ಟಿಗಳನ್ನು ಕೆಲವು ದಿನ ನೀರಿನಲ್ಲಿ ನೆನೆಯಿಸಿ, ಎರಡು ತುದಿಗಳಿಗೆ ಒಂದೇ ಅಂತರದಲ್ಲಿ ಆಧಾರ ಕೊಟ್ಟು, ನಡುವೆ ತೂಕದ ಕಲ್ಲುಗಳನ್ನು ಒಂದೊಂದಾಗಿ ತೂಗುಹಾಕಬೇಕು. ಯಾವುದು ಎಷ್ಟು ತೂಕಕ್ಕೆ ಮುರಿಯಿತೆಂಬುದನ್ನು ಬರೆದಿಡಬೇಕು. ಒಣಮರಕ್ಕಿಂತ ಹಸಿಮರದ ಬಲ ಕಡಿಮೆ. ಗಂಟಿರುವಲ್ಲಿ ಮತ್ತಷ್ಟು ಕಡಿಮೆ.

3. ಕಬ್ಬಿಣದ ಸಲಾಕೆ. ಪ್ರಯೋಗಶಾಲೆಯಲ್ಲಿ ಸಲಾಕೆಯ ಎರಡೂ ತುದಿಗಳನ್ನು ಬಿಗಿಹಿಡಿದು ತುಂಡಾಗುವವರೆಗೆ ಎಳೆಯುವರು. ಎಷ್ಟು ಭಾರಕ್ಕೆ ಅದು ಮರಳದಂತೆ ಹಿಗ್ಗತೊಡಗಿತು, ಎಷ್ಟಕ್ಕೆ ತುಂಡಾಯಿತು, ಅಷ್ಟರಲ್ಲಿ ಎಷ್ಟು ಉದ್ದವಾಯಿತು ಎಂಬ ಮೂರು ಸಂಗತಿಗಳು ಮುಖ್ಯ. ಹಿಗ್ಗದೆ ಮುರಿಯುವ ಕಬ್ಬಿಣವು ಮುನ್ಸೂಚನೆ ಕೊಡದೆ ಕೈಬಿಡುವುದು. ಕೊಳ್ಳುವಾಗ ಕಾರಖಾನೆಯ ಪರೀಕ್ಷಾಪತ್ರವನ್ನು ಕೇಳಿ ಪಡೆಯಬೇಕು.

4. ಕಾಂಕ್ರೀಟು. ಕೆಲಸದ ದಿನ ಅದೇ ಗಾರೆಯಿಂದ 15 ಸೆಂಟಿಮೀಟರ್ ಘನದ ಅಚ್ಚುಗಳನ್ನು ತುಂಬಿ, ಗಟ್ಟಿಯಾದ ಮೇಲೆ ನೀರಿನಲ್ಲಿಟ್ಟು, 28ನೆಯ ದಿನ ಯಂತ್ರದಲ್ಲಿ ಒತ್ತುವರು. ಸಮುದ್ರದ ಅಂಚಿನಲ್ಲಿ ಕಬ್ಬಿಣ ಸೇರಿಸಿದ ಕಾಂಕ್ರೀಟು ಕನಿಷ್ಠ ಎಂ-30 ದರ್ಜೆಯದಾಗಿರತಕ್ಕದ್ದು. ಅಂದರೆ ಇಂಥ ಒಂದು ಘನವು ಸುಮಾರು 69 ಟನ್ನು ಭಾರ ತಾಳಬೇಕು. ಆದರೆ ಈ ಪರೀಕ್ಷೆಯಲ್ಲಿ ಗೆದ್ದ ಕಾಂಕ್ರೀಟಿನಲ್ಲಿಯೂ ಉಪ್ಪಿದ್ದರೆ ಒಳಗಿನ ಸಲಾಕೆ ತುಕ್ಕು ಹಿಡಿದು ಉಬ್ಬಿ, ಹೊರಮೈಯನ್ನು ಸೀಳುವುದು. ಅಗ್ಗವೆಂದು ಕಡಲತೀರದ ಮರಳನ್ನಾಗಲಿ, ಉಪ್ಪುನೀರನ್ನಾಗಲಿ ಬೆರೆಸಲೇಬಾರದು.

ಮಾದರಿಯನ್ನು ಆರಿಸುವ ಕೆಲಸವನ್ನು ಮಾರುವವನಿಗೆ ಬಿಡಕೂಡದು. ರಾಶಿಯ ಮೇಲಿಂದ, ನಡುವಿನಿಂದ, ತಳದಿಂದ ಹತ್ತಾರು ಜನರ ಸಮಕ್ಷಮ ಆರಿಸಿ, ಗುರುತು ಹಾಕಿ, ಫಲವನ್ನು ಒಂದು ಪುಸ್ತಕದಲ್ಲಿ ದಾಖಲಿಸಬೇಕು. ಒಂದು ತಕ್ಕಡಿ, ಒಂದು ತೊಟ್ಟಿ ನೀರು, ಒಂದು ದಿನದ ತಾಳ್ಮೆ ಇವಿಷ್ಟಿದ್ದರೆ ಮೊದಲನೆಯ ಪರೀಕ್ಷೆಯು ಯಾವ ಊರಲ್ಲಿಯೂ ಸಾಧ್ಯ. ತೂಬು ಒಡೆದ ಮೇಲೆ ಗದ್ದೆಯಿಂದ ಉಪ್ಪನ್ನು ತೊಳೆಯಲು ಬೀಳುವ ಶ್ರಮದ ಮುಂದೆ ಇದು ಏನೂ ಅಲ್ಲ.