ಕಲಿಮಾ ಹೇಳಿದ ಮರುದಿನ

ಇಂಗ್ಲೆಂಡಿನ ಮಸೀದಿಯಲ್ಲಿ ಯಾರಾದರೂ ಕಲಿಮಾ ಹೇಳಿ ಇಸ್ಲಾಂ ಸ್ವೀಕರಿಸಿದರೆ ಆ ದಿನದ ಸಡಗರಕ್ಕೆ ಕಡಿಮೆಯಿಲ್ಲ. ತಕ್ಬೀರ್, ಅಪ್ಪುಗೆ, ಸಿಹಿ, ಕೈಗೊಂದು ಕುರ್‌ಆನ್ ಅನುವಾದ. ಮರುದಿನದಿಂದ ಅವರ ಪಾಡು ಅವರಿಗೆ. ಲಂಡನ್ ಸಮೀಪದ ಮಸೀದಿಯೊಂದರಲ್ಲಿ ಹೀಗೆ ಬಂದ ಹೆಂಗಸರ ಜೊತೆ ಒಡನಾಡಿ ನಾನು ಕಲಿತದ್ದಿಷ್ಟು: ನಮಾಜು ಕಲಿಯಲು ಪುಸ್ತಕವಿದೆ, ಯೂಟ್ಯೂಬ್ ಇದೆ, ನೆಂಟಸ್ತಿಕೆಗೆ ಮಾತ್ರ ಜನರೇ ಬೇಕು.

ನಮ್ಮ ಮಸೀದಿ ಕಟ್ಟಿದವರು ಪಾಕಿಸ್ತಾನದ ಆಡಳಿತದಲ್ಲಿರುವ ಕಾಶ್ಮೀರದಿಂದ ಕಾರ್ಖಾನೆ ಕೆಲಸಕ್ಕೆ ಬಂದ ಮೀರ್‌ಪುರದ ಹಿರಿಯರು. ಅವರಿಗದು ನಮಾಜಿನ ಜಾಗವೂ ಹೌದು, ಊರೂ ಹೌದು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ಮಂಗಳೂರಿನವಳಾದ ನನಗೇ ಅಲ್ಲಿನ ಉರ್ದು ಬಯಾನ್ (ಪ್ರವಚನ) ಅರ್ಧಂಬರ್ಧ. ಪಕ್ಕದಲ್ಲಿ ಕೂತ, ಹೊಸದಾಗಿ ಇಸ್ಲಾಂ ಸ್ವೀಕರಿಸಿದ ಇಂಗ್ಲಿಷ್ ನರ್ಸ್‌ಗೆ ಒಂದಕ್ಷರವೂ ತಿಳಿಯದು. ಹಾಗೆ ನೋಡಿದರೆ ಈ ದೇಶದಲ್ಲಿ ಮಸೀದಿ ತೆರೆದ ಮೊದಲಿಗರಲ್ಲಿ ಅವಳಂಥವರೇ ಇದ್ದರು. 1887ರಲ್ಲಿ ಇಸ್ಲಾಂ ಸ್ವೀಕರಿಸಿದ ವಕೀಲ ಅಬ್ದುಲ್ಲಾ ಕ್ವಿಲಿಯಂ 1889ರಲ್ಲೇ ಲಿವರ್‌ಪೂಲಿನಲ್ಲಿ ಮಸೀದಿ ತೆರೆದರು. ಮುಂದೆ ಅನಾಥ ಮಕ್ಕಳ ಮನೆಯನ್ನೂ ನಡೆಸಿದರು. ನಾವು ಅವಳ ಕೈಗಿಟ್ಟ ಕುರ್‌ಆನ್ ಅನುವಾದ ಮಾಡಿದ ಇಂಗ್ಲಿಷ್ ಲೇಖಕ ಪಿಕ್ತಾಲ್ ಕೂಡ ಹೀಗೆ ಇಸ್ಲಾಮಿಗೆ ಹೊಸದಾಗಿ ಬಂದವರೇ. ನಿಜಾಮರ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದ ಕಾಲದಲ್ಲಿ ಅದನ್ನು ಮುಗಿಸಿ 1930ರಲ್ಲಿ ಪ್ರಕಟಿಸಿದರು.

ಒಂಟಿತನ ಎದ್ದು ಕಾಣುವುದು ರಮಳಾನಿನಲ್ಲಿ. 2016ರ ಉಪವಾಸ ಜೂನಿನಲ್ಲಿ ಬಂತು. ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತಿತ್ತು. ಆ ನರ್ಸ್ ಪಾಳಿ ಮುಗಿಸಿ, ಆಸ್ಪತ್ರೆಯ ಕಾರ್ ಪಾರ್ಕಿನಲ್ಲೇ ಖರ್ಜೂರ ಬಾಯಿಗಿಟ್ಟು, ಬಾಟಲಿಯ ನೀರು ಕುಡಿದು ಮನೆಗೆ ಹೋಗುತ್ತಿದ್ದಳು. ಅಲ್ಲಿ ಎಲ್ಲರ ಊಟ ಆಗಲೇ ಮುಗಿದಿರುತ್ತಿತ್ತು. ಬೇಸಿಗೆಯಲ್ಲಿ ಇಲ್ಲಿ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ಹಾಗಾಗಿ ಉಪವಾಸ ಶುರುವಾಗುವ ಫಜರ್ ಹೊತ್ತಿನ ಲೆಕ್ಕದಲ್ಲಿ ಮಸೀದಿ ಮಸೀದಿಗೂ ವ್ಯತ್ಯಾಸ. ಈದ್ ಕೂಡ ಹಾಗೇ: ಕೆಲವರಿಗೆ ಸೌದಿಯ ಘೋಷಣೆ, ಕೆಲವರಿಗೆ ಮೊರಾಕ್ಕೊದ ಚಂದ್ರದರ್ಶನ. ನಮಗೆ ಮನೆಯವರು ಮಾಡಿದ ದಿನವೇ ಹಬ್ಬ. ಮನೆಯಲ್ಲಿ ಹಬ್ಬವೇ ಇಲ್ಲದವಳು ಯಾವ ದಿನ ಹಿಡಿಯಬೇಕು?

ಅವಳಂಥವರನ್ನು ನಾವೇ ಕರೆಯಬೇಕು. ಆದರೆ 'ಯಾವಾಗ ಬೇಕಾದರೂ ಬಾ' ಎಂದರೆ ಇಲ್ಲಿಯವರು ಬರುವುದಿಲ್ಲ. 'ಶನಿವಾರ ಎಂಟಕ್ಕೆ ಬಾ, ಸಮೋಸ ಮಡಚಲು ಕೈ ಬೇಕು' ಎಂದರೆ ಏಳೂಮುಕ್ಕಾಲಿಗೇ ಬಾಗಿಲಲ್ಲಿ ಹಾಜರು. ಕ್ರಿಸ್‌ಮಸ್ ಊಟಕ್ಕೆ ತಾಯಿಯ ಮನೆಗೆ ಹೋಗಬೇಡ ಎನ್ನುವ ಬುದ್ಧಿವಾದವೂ ಕೂಡದು. ಇರುವ ಅಮ್ಮನನ್ನು ಬಿಡಿಸಿ ನಾವು ಕೊಡುವುದಾದರೂ ಏನು?

ಆ ಅಮ್ಮನ ಜೊತೆ ಮಾತು ಉಳಿದಿರಬೇಕಾದ ಇನ್ನೊಂದು ಕಾರಣವೂ ಇದೆ. ಉಯಿಲು ಬರೆಯದೆ ತೀರಿಕೊಂಡರೆ ಅಂತ್ಯಕ್ರಿಯೆಯ ನಿರ್ಧಾರ ಸಾಮಾನ್ಯವಾಗಿ ಗಂಡ ಅಥವಾ ಹೆಂಡತಿಯದ್ದು, ಅವರಿಲ್ಲದಿದ್ದರೆ ಹತ್ತಿರದ ರಕ್ತಸಂಬಂಧಿಗಳದ್ದು. ಮುಸ್ಲಿಮರಲ್ಲಿ ಹೂಳುವುದೇ ರೂಢಿ ಎಂದು ಗೊತ್ತಿಲ್ಲದ ತಂದೆತಾಯಿ ತಮ್ಮ ರೂಢಿಯಂತೆ ಸುಡಲು ಒಪ್ಪಿಬಿಡಬಹುದು. ಅದಕ್ಕೇ ಹೊಸಬರಿಗೆ ಉಯಿಲು ಬರೆಸುತ್ತೇವೆ, ಅದನ್ನು ಮನೆಯವರಿಗೂ ಮೊದಲೇ ಹೇಳಿಸುತ್ತೇವೆ. ಕಲಿಮಾ ಹೇಳಿದ ವಾರದಲ್ಲೇ ನಮ್ಮ ಜಮಾಅತಿನ ಎರಡು ಹೆಸರು ಅವರ ಕೈಗೆ ಬರೆದುಕೊಡುತ್ತೇವೆ: ಈದ್ ಊಟಕ್ಕೆ ಕರೆಯುವವರದ್ದೊಂದು, ಮಯ್ಯಿತ್ತಿನ, ಅಂದರೆ ಅಂತ್ಯಕ್ರಿಯೆಯ, ಹೊಣೆ ಹೊರುವವರದ್ದೊಂದು.