ಅಟ್ಟದ ಮೇಲಿನ ಹಳೆಯ ಟಿ.ವಿ.ಗೆ ಮರುಜೀವ

1987ರಲ್ಲಿ ದೂರದರ್ಶನವು ‘ರಾಮಾಯಣ’ ಧಾರಾವಾಹಿಯನ್ನು ಆರಂಭಿಸಿದ ದಿನಗಳಲ್ಲಿ, ಕರೆಂಟನ್ನು ನೆಚ್ಚಲಾಗದ ನಮ್ಮೂರಿನ ಜಗಲಿಯ ಮೇಲೆ, ಟ್ರ್ಯಾಕ್ಟರಿನಿಂದ ಕಳಚಿ ತಂದ 12 ವೋಲ್ಟಿನ ಬ್ಯಾಟರಿಗೆ ತಂತಿ ಸಿಕ್ಕಿಸಿ, ಊರಿಗೆ ಊರೇ ಸುತ್ತುವರಿದು ನೋಡುತ್ತಿದ್ದ ಕಪ್ಪು-ಬಿಳುಪಿನ ಪೋರ್ಟಬಲ್ ಟಿ.ವಿ.ಯಂಥವು ಇಂದು ಎಷ್ಟೋ ಮನೆಗಳ ಅಟ್ಟದಲ್ಲಿ ಧೂಳು ತಿನ್ನುತ್ತಿವೆ. ತಾಳ್ಮೆಯುಳ್ಳವರ ಕೈಯಲ್ಲಿ ಅವು ಮತ್ತೆ ಬೆಳಗಬಲ್ಲವು. ಆದರೆ ಅದಕ್ಕೊಂದು ಕ್ರಮವುಂಟು, ಆ ಕ್ರಮವನ್ನು ಮೀರತಕ್ಕದ್ದಲ್ಲ.

1. ಸ್ವಿಚ್ ಹಾಕದಿರಿ

ಇಳಿಸಿದೊಡನೆ ಪ್ಲಗ್ ಚುಚ್ಚಿ ನೋಡುವ ಚಪಲವೇ ಇಂತಹ ಸೆಟ್ಟುಗಳ ಪರಮಶತ್ರು. ವರ್ಷಗಟ್ಟಲೆ ವಿದ್ಯುತ್ ಕಾಣದ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳು ಒಳಗೊಳಗೇ ದುರ್ಬಲಗೊಂಡಿರುವುದರಿಂದ, ಹಠಾತ್ತನೆ ಪೂರ್ಣ ವೋಲ್ಟೇಜು ಹರಿದರೆ ಅವು ಶಾರ್ಟ್ ಆಗಿ ಇತರ ಭಾಗಗಳನ್ನೂ ಸುಡುವ ಸಂಭವವುಂಟು.

2. ಉಳಿದ ವಿದ್ಯುತ್ತನ್ನು ಇಳಿಸಿ

ಹಿಂಬದಿಯ ಮುಚ್ಚಳ ಬಿಚ್ಚಿದಾಗ, ಪಿಕ್ಚರ್ ಟ್ಯೂಬಿನ ಪಾರ್ಶ್ವದಲ್ಲಿ ರಬ್ಬರಿನ ಟೊಪ್ಪಿ ಹೊತ್ತ ಇ.ಎಚ್.ಟಿ. (ಅತ್ಯುಚ್ಚ ವೋಲ್ಟೇಜಿನ) ತಂತಿ ಕಾಣುವುದು, ಸೆಟ್ಟು ನಡೆಯುವಾಗ ಅಲ್ಲಿ ಸುಮಾರು ಹತ್ತು ಸಾವಿರ ವೋಲ್ಟಿನಷ್ಟು ವಿದ್ಯುತ್ತಿರುವುದಲ್ಲದೆ, ಪ್ಲಗ್ ಕಿತ್ತ ಮೇಲೆಯೂ ಅದರ ಶೇಷವು ಉಳಿದಿರಬಹುದು. ಆದುದರಿಂದ ಪ್ಲಗ್ಗನ್ನೂ ಬ್ಯಾಟರಿಯನ್ನೂ ಕಳಚಿ, ಒಳ್ಳೆಯ ಹಿಡಿಯುಳ್ಳ ಸ್ಕ್ರೂಡ್ರೈವರಿನ ಕಡ್ಡಿಗೆ ತಂತಿ ಸುತ್ತಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಕಪ್ಪು ಲೇಪಕ್ಕೆ ಒರಗಿಕೊಂಡಿರುವ ಹೆಣೆದ ತಂತಿಗೆ ಭದ್ರವಾಗಿ ಕಟ್ಟಿ, ಒಂದು ಕೈಯನ್ನು ಬೆನ್ನ ಹಿಂದಿರಿಸಿಕೊಂಡು, ಕಡ್ಡಿಯ ಮೊನೆಯನ್ನು ಟೊಪ್ಪಿಯಡಿ ತೂರಿಸಬೇಕು. ‘ಚಟ್’ ಎಂದು ಕಿಡಿ ಹಾರಬಹುದು, ಹಾರದಿರಲೂಬಹುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಮುಟ್ಟಿಸಿರಿ. ಅನುಭವವಿಲ್ಲದವರು ಈ ಕಾರ್ಯವನ್ನು ಹಳೆಯ ಟಿ.ವಿ. ಮೆಕ್ಯಾನಿಕರಿಗೆ ಒಪ್ಪಿಸುವುದೇ ವಿವೇಕ.

3. ಶುದ್ಧಿ ಮತ್ತು ದುರಸ್ತಿ

ಮೃದುವಾದ ಬ್ರಷ್ಷಿನಿಂದ ಧೂಳು ತೆಗೆಯುವಾಗ ಟ್ಯೂಬಿನ ಕುತ್ತಿಗೆಗೆ ಪೆಟ್ಟು ತಾಗದಂತೆ ಎಚ್ಚರವಹಿಸಿರಿ. ಅದು ಬಿರಿದರೆ ಒಳಗಿನ ನಿರ್ವಾತವು ಕೆಟ್ಟು ಟ್ಯೂಬು ನಿರುಪಯುಕ್ತವಾಗುವುದು. ತಲೆಯುಬ್ಬಿದ, ಬುಡದಲ್ಲಿ ರಸ ಸೋರಿದ ಕಂಡೆನ್ಸರುಗಳನ್ನು ಅದೇ ಮೈಕ್ರೋಫ್ಯಾರಡ್ಡಿನ, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನ ಹೊಸವುಗಳಿಂದ, ಪ್ಲಸ್-ಮೈನಸ್ ತಪ್ಪದಂತೆ, ಬದಲಿಸಬೇಕು. ಎಲ್.ಒ.ಟಿ. ಎಂಬ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಾಲುಗಳ ಸುತ್ತ ಕೂದಲೆಳೆಯಂತಹ ವೃತ್ತಾಕಾರದ ಬಿರುಕು ಕಂಡರೆ ಅದೇ ‘ಡ್ರೈ ಸೋಲ್ಡರ್’. ಅಲ್ಲಿ ಮರಳಿ ಬೆಸುಗೆ ಹಾಕಬೇಕು.

4. ಸೀರೀಸ್ ಬಲ್ಬಿನ ಪರೀಕ್ಷೆ

ಟ್ರಾನ್ಸ್‌ಫಾರ್ಮರಿನಿಂದ ನಡೆಯುವ ಸೆಟ್ಟಾದರೆ, 60 ವ್ಯಾಟಿನ ಹಳೆಯ ಮಾದರಿಯ ತಂತುಬಲ್ಬಿನ ಮೂಲಕ ಕರೆಂಟು ಕೊಡಿರಿ. ಬಲ್ಬು ಮಿನುಗಿ ಮಂಕಾದರೆ ಶುಭ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಎಲ್ಲಿಯೋ ಶಾರ್ಟ್ ಇದೆಯೆಂದು ತಿಳಿದು ಆ ಕ್ಷಣವೇ ಆರಿಸಬೇಕು.

5. ಚಿತ್ರ ತರುವ ಬಗೆ

ದೂರದರ್ಶನದ ಅನಲಾಗ್ ಪ್ರಸಾರವು ಬಹುಮಟ್ಟಿಗೆ ನಿಂತಿರುವುದರಿಂದ ಆಂಟೆನಾ ಒಂದನ್ನೇ ನಂಬಿದರೆ ಪರದೆಯಲ್ಲಿ ಬರಿಯ ಚುಕ್ಕೆಗಳೇ. ಸೆಟ್-ಟಾಪ್ ಬಾಕ್ಸಿನ ಎ.ವಿ. ತಂತಿಯನ್ನು ಪಿ.ಎ.ಎಲ್.-ಬಿ ಪದ್ಧತಿಯ ಆರ್.ಎಫ್. ಮಾಡ್ಯುಲೇಟರಿಗೆ ಜೋಡಿಸಿ, ಅದನ್ನು ಆಂಟೆನಾ ಸಾಕೆಟ್ಟಿಗೆ ಕೊಡಬೇಕು. ಸೆಟ್ಟಿನಲ್ಲಿರುವುದು ಚಪ್ಪಟೆ ತಂತಿಯ 300 ಓಮಿನ ಜೋಡಣೆಯಾದರೆ ನಡುವೆ ‘ಬ್ಯಾಲನ್’ ಎಂಬ ಹೊಂದಾಣಿಕೆಯ ಟ್ರಾನ್ಸ್‌ಫಾರ್ಮರ್ ಬೇಕು. ಚಿತ್ರವು ಮೇಲೆ ಕೆಳಗೆ ಉರುಳುತ್ತಿದ್ದರೆ ವಿ-ಹೋಲ್ಡ್ ತಿರುಗಣಿಯನ್ನು ಎಳ್ಳಷ್ಟೇ ತಿರುಗಿಸಿರಿ.

ಉರುಳುತ್ತಿದ್ದ ಚಿತ್ರವು ಗಕ್ಕನೆ ನಿಂತು, ಜಗಲಿಯಲ್ಲಿ ಕಂಡಿದ್ದ ಅದೇ ತಿಳಿಬೂದು ಬೆಳಕು ಮುಖದ ಮೇಲೆ ಬಿದ್ದಾಗ ಪಟ್ಟ ಶ್ರಮವೆಲ್ಲ ಸಾರ್ಥಕವೆನಿಸುವುದು. ಬಳಿಕ ಅದನ್ನು ಮತ್ತೆ ಅಟ್ಟಕ್ಕೇರಿಸಬೇಡಿರಿ. ತಿಂಗಳಿಗೊಮ್ಮೆ ಅರ್ಧಗಂಟೆಯಾದರೂ ನಡೆಸಿರಿ, ಏಕೆಂದರೆ ಕಂಡೆನ್ಸರುಗಳ ಆಯುಷ್ಯವು ಬಳಕೆಯಲ್ಲಿಯೇ ಇದೆ.