ದಿನ ಎಣಿಸುವ ಮನೆಯ ಲೆಕ್ಕ

ಮಗುವಿಗಾಗಿ ಕಾಯುತ್ತಿರುವ ದಂಪತಿಯ ಮನೆಯಲ್ಲಿ ಯಾವ ಲೆಕ್ಕದ ಪುಸ್ತಕಕ್ಕೂ ಸೇರದೆ ಉಳಿಯುವ ಬಾಬತ್ತೆಂದರೆ ಅಂಡೋತ್ಪತ್ತಿಯ, ಅಂದರೆ ಪಕ್ವವಾದ ಅಂಡಾಣು ಅಂಡಾಶಯದಿಂದ ಹೊರಬೀಳುವ ದಿನವನ್ನು ಪತ್ತೆ ಮಾಡಲು ಆಗುವ ಖರ್ಚು. ಹೊರಬಿದ್ದ ಅಂಡಾಣುವಿನ ಆಯಸ್ಸು ಹೆಚ್ಚೆಂದರೆ 24 ಗಂಟೆ, ವೀರ್ಯಾಣು ಹೆಣ್ಣಿನ ದೇಹದಲ್ಲಿ ಸುಮಾರು 5 ದಿನ ಬದುಕಬಲ್ಲದು. ಹಾಗಾಗಿ ಗರ್ಭ ನಿಲ್ಲುವ ಅವಕಾಶವಿರುವುದು ಒಂದು ಋತುಚಕ್ರದಲ್ಲಿ ಸುಮಾರು 6 ದಿನ ಮಾತ್ರ. ಅಂಡಾಣು ಹೊರಬೀಳುವುದು ಮುಟ್ಟಾದ 14ನೆಯ ದಿನವೇ ಎಂಬ ಗಟ್ಟಿ ನಂಬಿಕೆ 28 ದಿನಗಳ ಚಕ್ರಕ್ಕಷ್ಟೇ ಹೊಂದುತ್ತದೆ. ಅಂಡೋತ್ಪತ್ತಿಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲಾದ್ದರಿಂದ, 35 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಅದು 21ನೆಯ ದಿನದ ಆಸುಪಾಸಿಗೆ ಸರಿಯುತ್ತದೆ.

ಜೋಗಿಮಟ್ಟಿ ಬೆಟ್ಟದ ಸುತ್ತಣ ಚಿತ್ರದುರ್ಗ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವಳನ್ನು ಹೊರಗಿರಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಅಂಥ ಕಡೆ ಹೆಣ್ಣಿನ ಮುಟ್ಟಿನ ದಿನ ಹಟ್ಟಿಗೆಲ್ಲ ತಿಳಿದಿರುತ್ತದೆ, ಅಂಡೋತ್ಪತ್ತಿಯ ದಿನ ಮಾತ್ರ ಅವಳಿಗೇ ತಿಳಿದಿರುವುದಿಲ್ಲ. ತಿಂಗಳು ತಿಂಗಳೂ "ಏನಾದರೂ ವಿಶೇಷವೇ" ಎಂದು ವಿಚಾರಿಸುವ ನೆಂಟರ ನಡುವೆ ಈ ಅರಿಯದ ದಿನ ದೊಡ್ಡ ಆತಂಕವಾಗಿ ಬೆಳೆಯುತ್ತದೆ, ಆತಂಕ ಇದ್ದಲ್ಲಿಗೆ ಮಾರಾಟಗಾರರೂ ಬರುತ್ತಾರೆ. ಔಷಧಿ ಅಂಗಡಿಯಲ್ಲಿ ಸಿಗುವ ಪರೀಕ್ಷಾ ಪಟ್ಟಿಯು ಮೂತ್ರದಲ್ಲಿ ಎಲ್‌ಎಚ್ ಎಂಬ ಹಾರ್ಮೋನಿನ ಏರಿಕೆಯನ್ನು ತೋರಿಸುತ್ತದೆ. ಏರಿಕೆಯಾದ 24ರಿಂದ 36 ಗಂಟೆಗಳಲ್ಲಿ ಸಾಮಾನ್ಯವಾಗಿ ಅಂಡಾಣು ಹೊರಬೀಳುತ್ತದೆ. ಆದರೆ ಅಂಡೋತ್ಪತ್ತಿಯೇ ಏರುಪೇರಾಗುವ ಪಿಸಿಒಎಸ್ ಇರುವವರಲ್ಲಿ ಈ ಹಾರ್ಮೋನು ಮೊದಲೇ ಹೆಚ್ಚಿರಬಹುದಾದ್ದರಿಂದ ಪಟ್ಟಿ ಸುಳ್ಳು ಸೂಚನೆ ಕೊಡುವುದುಂಟು, ಅಂದರೆ ಹೆಚ್ಚು ಬೇಕಾದವರಿಗೇ ಅದು ಕಡಿಮೆ ನೆರವಾಗುತ್ತದೆ.

ಇದಕ್ಕಿಂತ ಖಚಿತವಾದದ್ದು ಫಾಲಿಕ್ಯುಲರ್ ಸ್ಕ್ಯಾನ್. ಮುಟ್ಟಾದ 9 ಅಥವಾ 10ನೆಯ ದಿನದಿಂದ ಒಂದೆರಡು ದಿನಕ್ಕೊಮ್ಮೆ ಸ್ಕ್ಯಾನ್ ಮಾಡಿ, ಅಂಡಾಣುವನ್ನು ಹೊತ್ತ ಕೋಶ ಸುಮಾರು 18ರಿಂದ 24 ಮಿಲಿಮೀಟರಿನಷ್ಟು ಬೆಳೆದು ಒಡೆಯುವುದನ್ನು ನೋಡುವ ಕ್ರಮವಿದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಂದ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಿಬರುವವರಿಗೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಿಂದ ಹೆಂಡತಿಯ ಬಸ್ ಚಾರ್ಜು ಉಳಿಯುತ್ತದೆ. ಗಂಡನ ಟಿಕೆಟ್ಟು, ಹೋಟೆಲಿನ ಊಟ, ಇಬ್ಬರ ತಪ್ಪಿದ ಕೂಲಿ ಉಳಿಯುವುದಿಲ್ಲ. ಈ ಅಂಕಣಗಾರ್ತಿಯ ಮನೆಯ ಲೆಕ್ಕದಲ್ಲಿಯೂ ಮಗುವಿಗಾಗಿ ಕಾದ ವರ್ಷಗಳಲ್ಲಿ ಔಷಧಿಗಿಂತ ಓಡಾಟದ ಮತ್ತು ಸಂಬಳವಿಲ್ಲದ ರಜೆಯ ಬಾಬತ್ತೇ ದೊಡ್ಡದಾಗಿತ್ತು. ಇನ್ನು ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುವಂಥದ್ದು, ಕೂಡು ಕುಟುಂಬದಲ್ಲಿ ಯಜಮಾನಿ ಬಹುಮಟ್ಟಿಗೆ ಅತ್ತೆ. ಸ್ಕ್ಯಾನಿನ ಹಣವನ್ನು ಅತ್ತೆಯ ಕೈಯಿಂದ ಪಡೆಯುವ ಸೊಸೆ ಪ್ರತಿ ತಿಂಗಳ ಫಲಿತಾಂಶವನ್ನೂ ಒಪ್ಪಿಸಬೇಕಾಗುತ್ತದೆ. ಈ ಮುಜುಗರಕ್ಕೆ ಯಾವ ರಸೀದಿಯೂ ಇಲ್ಲ.

ಮುಟ್ಟು ಕ್ರಮವಾಗಿದ್ದು ವಯಸ್ಸು 35ರೊಳಗಿದ್ದರೆ, ದಿನ ಹುಡುಕುವುದಕ್ಕೆ ಹಣ ಸುರಿಯುವ ಅಗತ್ಯ ಬಹಳ ಕಡಿಮೆ. ಮುಟ್ಟು ನಿಂತ ಮೇಲೆ ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಆ 6 ದಿನಗಳು ತಾವಾಗಿಯೇ ಒಳಗೆ ಬರುತ್ತವೆ. ಹೀಗೆ 12 ತಿಂಗಳು ಕಳೆದರೂ ಗರ್ಭ ನಿಲ್ಲದಿದ್ದರೆ ಮಾತ್ರ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಂಜೆತನವೆಂದು ಕರೆಯುತ್ತದೆ. 35 ದಾಟಿದವರು 6 ತಿಂಗಳಿಗೇ, ಮುಟ್ಟು ಏರುಪೇರಾಗಿರುವವರು ಕಾಯದೆಯೇ ವೈದ್ಯರನ್ನು ಕಾಣುವುದು ಸರಿ. ಅಂಥವರಲ್ಲಿ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ರಕ್ತ ಪರೀಕ್ಷೆಗಳಿಂದ ಕಾರಣ ಸಿಗುವುದುಂಟು, ಅಂಡೋತ್ಪತ್ತಿಗೆ ಪ್ರಚೋದನೆ ಕೊಡುವ ಲೆಟ್ರೋಜೋಲ್‌ನಂಥ ಮಾತ್ರೆಗಳೂ ದುಬಾರಿಯೇನಲ್ಲ, ಆದರೆ ಅವನ್ನು ಬರೆದುಕೊಡಬೇಕಾದವರು ವೈದ್ಯರೇ ಹೊರತು ಅಂಗಡಿಯವರಲ್ಲ.

ಮಾತ್ರೆಗಳಿಂದ ಫಲ ಸಿಗದವರು ಮೊರೆಹೋಗುವ ಪ್ರನಾಳ ಶಿಶು ವಿಧಾನಕ್ಕೆ, ಅಂದರೆ ಅಂಡಾಣು ಮತ್ತು ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಐವಿಎಫ್‌ಗೆ, ಒಂದು ಸಲಕ್ಕೆ ಲಕ್ಷವನ್ನು ಮೀರಿ ಖರ್ಚಾಗುವುದು ಸಾಮಾನ್ಯ, ಒಂದೇ ಸಲಕ್ಕೆ ಫಲ ಸಿಗುವ ಖಾತರಿಯೂ ಇಲ್ಲ. ಬಂಜೆತನದ ಚಿಕಿತ್ಸೆ ಆಯುಷ್ಮಾನ್ ಭಾರತದ ವ್ಯಾಪ್ತಿಯ ಹೊರಗಿದೆ; ವಿಮಾ ನಿಯಂತ್ರಣ ಪ್ರಾಧಿಕಾರವು ರೂಪಿಸಿದ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯಲ್ಲಿಯೂ ಅದು ಇರುವುದರಿಂದ, ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಸೇರಿಸಿರದಿದ್ದರೆ ಖಾಸಗಿ ವಿಮೆಯೂ ಕೈಹಿಡಿಯುವುದಿಲ್ಲ. ಅಡಿಕೆ ಅಥವಾ ಈರುಳ್ಳಿಯ ಫಸಲಿನ ಹಣವನ್ನೋ ಒಡವೆಯ ಮೇಲಿನ ಸಾಲವನ್ನೋ ನಂಬಿ ಹೊರಡುವ ಕುಟುಂಬ ಎಷ್ಟು ಸಲ, ಎಷ್ಟು ಮೊತ್ತದವರೆಗೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು, ಜೊತೆಗೆ ತಾನು ಹೋಗುವ ಐವಿಎಫ್ ಕೇಂದ್ರ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆಯಡಿ ನೋಂದಣಿಯಾಗಿದೆಯೇ ಎಂದು ಕೇಳುವುದು ಅಗತ್ಯ.

ಇಷ್ಟೆಲ್ಲದರ ನಡುವೆ ಅಗ್ಗದ ಪರೀಕ್ಷೆಯೊಂದು ಕೊನೆಗೆ ತಳ್ಳಲ್ಪಡುತ್ತದೆ. ಗರ್ಭ ನಿಲ್ಲದಿರುವ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ, ಆದರೂ ಹೆಂಡತಿಗೆ ತಿಂಗಳುಗಟ್ಟಲೆ ಸ್ಕ್ಯಾನ್ ಮಾಡಿಸಿ ಹರಕೆಯನ್ನೂ ಹೊತ್ತ ಎಷ್ಟೋ ಮನೆಗಳಲ್ಲಿ ಗಂಡ ಲ್ಯಾಬಿನ ಮೆಟ್ಟಿಲು ಹತ್ತಿರುವುದಿಲ್ಲ. ಒಡವೆಯನ್ನು ಅಡವಿಡುವ ಮೊದಲು ವೀರ್ಯ ಪರೀಕ್ಷೆಯ ವರದಿ ಕೈಯಲ್ಲಿರಲಿ.